ಬೈಗುಳದ ನೆಂಟ ಕೊಟ್ಟ ಕೇಬಲ್ಲು

ವೆಡ್ಸನ್ ಲೊಂಬೆಗೆ ಈಚೆಗೆ ಏಣಿ ಕಂಡರೆ ಆಗುತ್ತಿರಲಿಲ್ಲ. ಒಂದು ಕಾಲದಲ್ಲಿ ಇದೇ ಮನುಷ್ಯ ಲುವಾನ್ಶ್ಯದ ತಾಮ್ರದ ಗಣಿಯಲ್ಲಿ ಭೂಮಿಯ ಹೊಟ್ಟೆಯೊಳಗೆ ಇಳಿದು, ಆಳುಗಳನ್ನು ಮೇಲೆತ್ತುವ ತೊಟ್ಟಿಲಿನ ಗಂಟೆಯ ತಂತಿಗಳನ್ನು ನೋಡಿಕೊಳ್ಳುತ್ತಿದ್ದ. ಆಮೇಲೆ ಗಣಿ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಪ್ರತಿ ಸಲ ಬಂದ ಹೊಸ ಮಾಲೀಕರೂ ಹಳಬರನ್ನು ಮನೆಗೆ ಕಳಿಸುವುದನ್ನು ಮಾತ್ರ ತಪ್ಪಿಸಲಿಲ್ಲ. ಮನೆಗೆ ಬಂದ ಲೊಂಬೆ ಕೈಗೆ ಗೊತ್ತಿದ್ದ ತಂತಿಯ ಕೆಲಸವನ್ನೇ ಹಿಡಿದು, ಊರಿನ ಅಂಗಡಿ, ಚರ್ಚು, ಕೋಳಿ ಫಾರಂಗಳಿಗೆ ಕಾವಲಿನ ಕ್ಯಾಮೆರಾ ಹಾಕಿ ಹೊಟ್ಟೆ ಹೊರೆಯತೊಡಗಿದ. ಗಣಿಯಲ್ಲಿ ಕೆಳಗೆ ಇಳಿದು ಬದುಕಿದವನಿಗೆ ಮುಪ್ಪಿನಲ್ಲಿ ಮೇಲೆ ಹತ್ತುವ ಕೆಲಸ. ಮಂಡಿ ಎರಡೂ ಸವೆದಿದ್ದವು. ಬೆಳಿಗ್ಗೆ ಎದ್ದರೆ ಮೊದಲು ಮಂಡಿಗಳಿಗೆ ಸಮಾಧಾನ ಹೇಳಿ ಆಮೇಲೆ ನೆಲಕ್ಕೆ ಪಾದ ಊರುತ್ತಿದ್ದ.

ಹೆಂಡತಿ ಹೋಗಿ ವರ್ಷಗಳಾಗಿದ್ದವು. ಮಕ್ಕಳು ಅವರವರ ಪಾಡಿಗೆ ಬೇರೆ ಊರುಗಳಲ್ಲಿದ್ದರು. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದಕ್ಕೆ ಅವನಿಗೆ ಉಳಿದಿದ್ದ ಕಾರಣ ಒಂದೇ: ಬಸ್ ನಿಲ್ದಾಣದ ಹಿಂದೆ ಡಿಷ್ ಅಂಗಡಿ ಇಟ್ಟಿದ್ದ ಜೋಸೆಫಾತ್ ಜೆರೆಯನ್ನು ಬೈಯಬೇಕು.

"ಇಲಿತಿನ್ನಿ! ಇನ್ನೂ ಬದುಕಿದ್ದೀಯಾ?" ಎನ್ನುತ್ತ ಲೊಂಬೆ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದ.

"ಬಂದ್ಯಾ ಕೋತಿತಿನ್ನಿ? ಮರ ಹತ್ತಿ ಹತ್ತಿ ಮಂಡಿ ಹೋಯ್ತು ನೋಡು. ನಿಮ್ಮಜ್ಜಿಯನ್ನ ಬೇಯಿಸಿ ತಿಂದೋರಲ್ವೇನೋ ನೀವು!"

"ಅಜ್ಜಿಯನ್ನಲ್ಲ, ಕೋತಿಯನ್ನ."

"ನಿಮ್ಮ ಮನೇಲಿ ವ್ಯತ್ಯಾಸ ಹೇಗೋ ಗೊತ್ತಾಗುತ್ತೆ?"

ಆಮೇಲೆ ಇಬ್ಬರೂ ನಗುತ್ತಿದ್ದರು. ಲೊಂಬೆ ಬೆಂಬಾ ಜನ, ಜೆರೆ ಎನ್ಗೋನಿ ಜನ. ಇವರ ಮುತ್ತಾತಂದಿರು ಈಟಿ ಹಿಡಿದು ಬಡಿದಾಡಿದ್ದರು. ಬಡಿದಾಡಿ ಸಾಕಾದ ಮೇಲೆ ಎರಡು ಕುಲಗಳ ನಡುವೆ ಒಂದು ಬೈಗುಳದ ನೆಂಟಸ್ತಿಕೆ ಬೆಳೆಯಿತು. ಅವರು ಇವರನ್ನು, ಇವರು ಅವರನ್ನು ಏನು ಬೇಕಾದರೂ ಅನ್ನಬಹುದು. ಕಳ್ಳ ಅನ್ನಬಹುದು, ಹೇಡಿ ಅನ್ನಬಹುದು, ನಿನ್ನ ಹೆಂಡತಿ ನನ್ನವಳು ಅನ್ನಬಹುದು. ಕೋಪ ಮಾಡಿಕೊಳ್ಳುವ ಹಾಗಿಲ್ಲ, ಅಷ್ಟೇ. ಕೋಪ ಮಾಡಿಕೊಂಡವನನ್ನು ನಮ್ಮೂರಿನಲ್ಲಿ ಮನುಷ್ಯ ಎಂದು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಸಾವಿನ ಮನೆಯಲ್ಲಂತೂ ಈ ನೆಂಟರದೇ ದರ್ಬಾರು. ಲೊಂಬೆಯ ಹೆಂಡತಿ ತೀರಿಕೊಂಡಾಗ ಇದೇ ಜೆರೆ ಬಂದು, ಅಗೆದಿದ್ದ ಗುಂಡಿಯೊಳಗೆ ಇಳಿದು ಅಂಗಾತ ಮಲಗಿ, "ಈ ಜಾಗ ನನಗೆ ಬೇಕು. ಇವಳನ್ನ ಇನ್ನೊಂದಿಷ್ಟು ದಿನ ಮನೇಲಿ ಇಟ್ಕೊಳ್ಳಿ" ಎಂದು ರಂಪ ಮಾಡಿದ್ದ. ಒಂದು ಕೋಳಿ ಕೊಡುತ್ತೇವೆ ಎಂದು ಒಪ್ಪಿಕೊಳ್ಳುವ ತನಕ ಮೇಲೆ ಬರಲಿಲ್ಲ. ಮೂರು ದಿನದಿಂದ ಬಾಯಿ ಬಿಡದೆ ಕೂತಿದ್ದ ಲೊಂಬೆ ಆಗ ನಕ್ಕುಬಿಟ್ಟ. ನಗುತ್ತ ನಗುತ್ತ ಅತ್ತ. ಅವತ್ತು ಜೆರೆ ಇಲ್ಲದಿದ್ದರೆ ತಾನೂ ಅವಳ ಹಿಂದೆಯೇ ಹೋಗುತ್ತಿದ್ದೆ ಎಂದು ಅವನು ಒಂದೆರಡು ಸಲ ಯಾರಿಗೋ ಹೇಳಿದ್ದುಂಟು. ಜೆರೆಗೆ ಮಾತ್ರ ಹೇಳಿರಲಿಲ್ಲ. ಹೇಳಿದ್ದರೆ ಜೆರೆ ಬೈಯುತ್ತಿದ್ದ.

ಮಳೆ ಮುಗಿದ ಮೇಲೆ ಲೊಂಬೆಗೆ ಒಂದು ದೊಡ್ಡ ಕೆಲಸ ಸಿಕ್ಕಿತು. ಊರಾಚೆ ಸಗಟು ವ್ಯಾಪಾರಿಗಳದೊಂದು ಅಂಗಳವಿತ್ತು. ಜೋಳದ ಹಿಟ್ಟು, ಎಣ್ಣೆ, ಒಣಮೀನುಗಳ ಗೋದಾಮುಗಳು, ಸುತ್ತ ಎತ್ತರದ ಗೋಡೆ. ಅಲ್ಲಿಯ ಸಂಘದ ಅಧ್ಯಕ್ಷೆ ಚಿಬೆಸ ಎಂಬ ಹೆಂಗಸು. ಊರೆಲ್ಲ ಅವಳನ್ನು 'ಬಾಮಾಯೊ' ಎನ್ನುತ್ತಿತ್ತು. ನಮ್ಮಲ್ಲಿ ದೊಡ್ಡ ಹೆಂಗಸರನ್ನು ತಾಯಿ ಎನ್ನುವುದು ಹಾಗೆ. ಗೌರವಕ್ಕೆ ಯಾರ ಹೆಸರಿನ ಮೊದಲಿಗೂ ಒಂದು 'ಬಾ' ಸೇರಿಸುತ್ತೇವೆ; ಬೈಗುಳದ ನೆಂಟರು ಮಾತ್ರ ಒಬ್ಬರನ್ನೊಬ್ಬರು ಹಾಗೆ ಕರೆಯುವುದಿಲ್ಲ. ಅವಳ ಬಾಯಿಗೆ ಹೆದರದವರು ಆ ಅಂಗಳದಲ್ಲಿ ಯಾರೂ ಇರಲಿಲ್ಲ.

"ನಾಲ್ಕು ಕಡೆ ಕಣ್ಣಿಡ್ಬೇಕು ಬಾ ಲೊಂಬೆ. ಮುಂದಿನ ಗೇಟು, ಗೋದಾಮು ಎರಡು, ಹಿಂದಿನ ಗೇಟು. ಕೇಬಲ್ಲು ಮಾತ್ರ ತಾಮ್ರದ್ದು ಹಾಕಿದ್ದೀನಿ ಅಂತ ಊರಿಗೆಲ್ಲ ಸಾರ್ಬೇಡಿ. ಕ್ಯಾಮೆರಾ ಬಿಟ್ಟು ಕೇಬಲ್ಲನ್ನೇ ಕತ್ತರಿಸ್ಕೊಂಡು ಹೋಗ್ತಾರೆ."

"ಪೈಪಿನೊಳಗೆ ಹಾಕಿ ಗೋಡೆಗೆ ಬಡಿತೀನಿ, ಬಾಮಾಯೊ. ಆದರೆ ತಾಮ್ರವೇ ಆಗ್ಬೇಕು."

ಇದೊಂದು ವಿಷಯದಲ್ಲಿ ಲೊಂಬೆ ಹಟಮಾರಿ. ಕ್ಯಾಮೆರಾದ ಕೇಬಲ್ಲು ಮೇಲಿನಿಂದ ನೋಡಿದರೆ ಎಲ್ಲ ಒಂದೇ. ಕಪ್ಪು ತೊಗಲು, ಒಳಗೆ ಹೆಣೆದ ತಂತಿಯ ಬಲೆ, ಅದರೊಳಗೆ ಬಿಳಿಯ ನೊರೆಯಂಥ ಪ್ಲಾಸ್ಟಿಕ್ಕು, ನಟ್ಟನಡುವೆ ಒಂದೇ ಒಂದು ತಂತಿ. ಜೀವವೆಲ್ಲ ಆ ನಡುವಿನ ತಂತಿಯಲ್ಲಿ. ಡಿಷ್ ಟಿ.ವಿ.ಗೆ ಹಾಕುವ ಕೇಬಲ್ಲಿನಲ್ಲಿ ಅದು ಕಬ್ಬಿಣದ್ದು, ಮೇಲೆ ತಾಮ್ರದ ತೆಳು ಲೇಪ. ಡಿಷ್‌ನ ಸಂಕೇತ ತಂತಿಯ ಮೈಮೇಲೆ ಓಡುವಂಥದ್ದು. ಮೈಗೆ ತಾಮ್ರ ಬಳಿದಿದ್ದರೆ ಅದಕ್ಕೆ ಸಾಕು. ಕ್ಯಾಮೆರಾದ ಚಿತ್ರ ತಂತಿಯ ಒಡಲೊಳಗೆ ನಡೆಯುತ್ತದೆ. ಒಡಲು ಕಬ್ಬಿಣವಾದರೆ ಹತ್ತಿರದಲ್ಲಿ ಹೇಗೋ ನಡೆದೀತು, ದೂರವಾದರೆ ಚಿತ್ರ ಕಲಸಿದ ಗಂಜಿ. ಹಾಗಾಗಿ ಯಾವ ಅಂಗಡಿಯಲ್ಲಿ ಕೇಬಲ್ಲು ಕೊಂಡರೂ ಲೊಂಬೆ ತುದಿ ಸುಲಿದು, ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ನಡುವಿನ ತಂತಿಗೆ ಮುಟ್ಟಿಸುತ್ತಿದ್ದ. ಅಂಟಿಕೊಂಡಿತೋ, ಸುರುಳಿಯನ್ನು ವಾಪಸು ತಳ್ಳಿ ಎದ್ದು ಬರುತ್ತಿದ್ದ. ತಾಮ್ರದ ಮೇಲೆ ಹಾಸಿಗೆ ಹಾಸಿ ಮಲಗಿದ ಊರಿಗೆ ಎಲ್ಲಿಂದಲೋ ಹಡಗಿನಲ್ಲಿ ಬರುವುದು ತಾಮ್ರ ಬಳಿದ ಕಬ್ಬಿಣ! ಯಾರ ಹತ್ತಿರ ತಲೆ ಚಚ್ಚಿಕೊಳ್ಳೋಣ?

ಮೂರು ಕ್ಯಾಮೆರಾಗಳಿಗೆ ಅವನ ಹತ್ತಿರ ಒಳ್ಳೆಯ ಕೇಬಲ್ಲು ಇತ್ತು. ಹಿಂದಿನ ಗೇಟಿಗೆ ಸಾಲಲಿಲ್ಲ. ಅದು ಕಚೇರಿಯಿಂದ ಎಲ್ಲಕ್ಕಿಂತ ದೂರ. ಪಕ್ಕದ ಊರು ಎನ್ಡೋಲಾಕ್ಕೆ ಹೋಗಿ ತರಬೇಕಿತ್ತು. ಅವತ್ತು ಬೆಳಗಿನಿಂದ ಏಣಿ ಹತ್ತಿ ಇಳಿದು ಅವನ ಕಾಲು ಸೋತುಹೋಗಿತ್ತು. ಮಿನಿಬಸ್ಸಿನಲ್ಲಿ ಮಂಡಿ ಮಡಿಸಿ ಕೂತು ಹೋಗಿ ಬರುವುದನ್ನು ನೆನೆಸಿಕೊಂಡರೇ ಅಳು ಬರುವ ಹಾಗಾಯಿತು. ಜೆರೆಯ ಅಂಗಡಿಗೆ ಹೋದ.

"ಇಲಿತಿನ್ನಿ, ಕ್ಯಾಮೆರಾಗೆ ಕೇಬಲ್ ಇದೆಯಾ? ತಾಮ್ರದ್ದು?"

ಜೆರೆ ಹಿಂದಿನಿಂದ ಒಂದು ದಪ್ಪ ಸುರುಳಿ ತಂದು ಮೇಜಿನ ಮೇಲೆ ಧೊಪ್ಪನೆ ಹಾಕಿದ.

"ಇದೆ, ನೋಡು. ಒಳಗೆ ಅಪ್ಪಟ ಕಬ್ಬಿಣ. ನಿಮ್ಮಂಥ ಕೋತಿತಿನ್ನಿಗಳಿಗೆ ತಾಮ್ರ ಯಾಕೆ? ಕಬ್ಬಿಣವೇ ಹೆಚ್ಚಾಯ್ತು!"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ಲೊಂಬೆಯೂ ನಕ್ಕ. ಅವನ ಕೈ ಜೇಬಿನಲ್ಲಿದ್ದ ಅಯಸ್ಕಾಂತದ ತನಕ ಹೋಗಿತ್ತು. ಅಲ್ಲೇ ನಿಂತಿತು. ಬೈಗುಳದ ನೆಂಟ ಕಬ್ಬಿಣ ಎಂದಾಗ ತೆಗೆದು ಪರೀಕ್ಷೆ ಮಾಡಿದರೆ ಏನರ್ಥ? ಅವನ ಬೈಗುಳವನ್ನು ನಿಜವೆಂದು ತಿಳಿದ ಹಾಗಾಯಿತು. ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಅವನು ಕಬ್ಬಿಣ ಎಂದರೆ ತಾಮ್ರವೇ ಇರಬೇಕು. ಲೊಂಬೆ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, "ನಿನ್ನ ಕೇಬಲ್ಲು ಇಲಿ ಕಡಿದಿದ್ರೆ ನಿನ್ನನ್ನೇ ಗೋಡೆಗೆ ಬಡಿತೀನಿ" ಎಂದು ಹೊರಟ.

ತುದಿ ಕತ್ತರಿಸುವಾಗ ತಂತಿ ಇಕ್ಕಳಕ್ಕೆ ಸುಲಭವಾಗಿ ತುಂಡಾಗಲಿಲ್ಲ. ಕೈಯಲ್ಲಿ ಶಕ್ತಿ ಕುಂದಿತು ಎಂದುಕೊಂಡ. ಚಿತ್ರ ಮಸುಕಾಗಿ ಬಂತು. ಬಿಳಿ ಗೋಡೆಯ ಪಕ್ಕಕ್ಕೆ ಇನ್ನೊಂದು ನೆರಳುಗೋಡೆ, ನಡೆಯುವ ಮನುಷ್ಯನ ಬೆನ್ನ ಹಿಂದೆ ಬಾಲದ ಹಾಗೆ ಕರಿ ಗೆರೆ. ಗಾಜಿಗೆ ಧೂಳು ಹಿಡಿದಿದೆ ಎಂದು ಒರೆಸಿದ. ಬಿಸಿಲು ಎದುರಿಗೆ ಹೊಡೆಯುತ್ತದೆ ಎಂದು ತಿರುಗಿಸಿದ. ಇನ್ನೊಮ್ಮೆ ನೋಡೋಣ ಎಂದು ಬಿಟ್ಟ. ಈ 'ಇನ್ನೊಮ್ಮೆ' ಎನ್ನುವುದು ದಣಿದ ಮನುಷ್ಯನ ಶತ್ರು. ಚಳಿ ಕಳೆದು, ನಮ್ಮಲ್ಲಿ ಕಡುಬೇಸಗೆಯಾದ ಅಕ್ಟೋಬರದ ಬಿಸಿಲು ನೆಲವನ್ನು ಬಿರಿಸುವ ತನಕ ಅವನು ಹಿಂದಿನ ಗೇಟಿನ ಕಡೆ ಏಣಿ ಒಯ್ಯಲಿಲ್ಲ.

ಆ ಅಕ್ಟೋಬರದಲ್ಲಿ ಒಂದು ಸಂಜೆ, ಗೋದಾಮಿನ ಕ್ಯಾಮೆರಾಗಳ ಕಣ್ಣು ಬೀಳದ ಹಿಂಬಾಗಿಲಿನಿಂದ ಹಿಟ್ಟಿನ ಮೂಟೆಗಳು ಕಳುವಾದವು. ಹಿಂದಿನ ಗೇಟಿನ ಚಿತ್ರದಲ್ಲಿ ಉದ್ದ ಕೋಟು, ತಲೆಗೆ ಟೋಪಿ, ಬೆನ್ನಿಗೆ ಮೂಟೆ ಹೊತ್ತ ಒಂದು ಆಕಾರ ಹೊರಗೆ ಹೋಗಿ ಬಂದು ಮಾಡುವುದು ಕಾಣುತ್ತಿತ್ತು. ಮುಖ ಇರಬೇಕಾದ ಕಡೆ ಬೂದಿ ಬಣ್ಣದ ಮುದ್ದೆ. ಅಂಗಳದ ಕಾವಲುಗಾರ ಲಾಬನ್ ಕಸೋಲೊ ಉದ್ದ ಕೋಟು ತೊಡುತ್ತಿದ್ದ, ಟೋಪಿ ಹಾಕುತ್ತಿದ್ದ. ಸಂಘದವರು ಚಿತ್ರ ನೋಡಿದರು, ಕೋಟು ನೋಡಿದರು, "ಇವನೇ" ಎಂದರು. ಪೊಲೀಸರು ಬಂದು ಅವನನ್ನು ಎತ್ತಿಕೊಂಡು ಹೋದರು.

ಲೊಂಬೆಗೆ ಸುದ್ದಿ ಮುಟ್ಟಿಸಿದವಳು ಕಸೋಲೊನ ಹೆಂಡತಿ. ಮಗಳ ಹೆಸರು ಮಪಾಲೊ, ಹಾಗಾಗಿ ಊರಿಗೆಲ್ಲ ಅವಳು 'ಬನಾ ಮಪಾಲೊ', ಮಪಾಲೊನ ತಾಯಿ. ಲೊಂಬೆಯ ಬೀದಿಯಲ್ಲೇ ಅವರ ಮನೆ. ಠಾಣೆಯಲ್ಲಿದ್ದವರಿಗೆ ಮನೆಯವರೇ ಊಟ ಒಯ್ಯಬೇಕು. ಅವಳು ನ್ಶಿಮದ ಮುದ್ದೆ, ಶೇಂಗಾ ಹಾಕಿದ ಸೊಪ್ಪಿನ ಪಲ್ಯ ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟವಳು ಇವನ ಬಾಗಿಲಲ್ಲಿ ನಿಂತಳು.

"ಅಪ್ಪಾ, ಆ ಕ್ಯಾಮೆರಾ ನೀವು ಇಟ್ಟಿದ್ದಂತೆ. ಅದ್ರಲ್ಲಿ ಇವ್ರೇ ಇದಾರಾ? ನನಗೆ ಹೇಳಿ. ಇದ್ರೆ ಇದಾರೆ ಅನ್ನಿ. ನಾನು ಇವತ್ತಿಂದ ಊಟ ಒಯ್ಯೋದು ಬಿಡ್ತೀನಿ."

ಲೊಂಬೆ ಅಯಸ್ಕಾಂತವಿದ್ದ ಜೇಬನ್ನು ಮುಟ್ಟಿಕೊಂಡ. "ನೋಡಿ ಹೇಳ್ತೀನಿ ಮಗಳೇ" ಎಂದ.

"ಶುಕ್ರವಾರ ನ್ಯಾಯಾಧೀಶರ ಮುಂದೆ ನಿಲ್ಲಿಸ್ತಾರಂತೆ. ಒಂದ್ಸಲ ಒಳಗೆ ಹೋದ್ರೆ ಹೊರಗೆ ಬರೋದು ಯಾವಾಗಲೋ. ಬೇಗ ನೋಡಿ."

ಅವಳು ಹೋದ ಮೇಲೆ ಲೊಂಬೆ ಏಣಿ ಹೊತ್ತು ಅಂಗಳಕ್ಕೆ ನಡೆದ. ಹಿಂದಿನ ಗೇಟಿನಲ್ಲಿ ಹತ್ತಿ, ಕ್ಯಾಮೆರಾದ ಕನೆಕ್ಟರು ಬಿಚ್ಚಿ, ನಡುವಿನ ತಂತಿಗೆ ಅಯಸ್ಕಾಂತ ಮುಟ್ಟಿಸಿದ. ಟಕ್ಕೆಂದು ಅಂಟಿಕೊಂಡಿತು. ಕೈ ಬಿಟ್ಟ, ಬೀಳಲಿಲ್ಲ. ಏಣಿಯ ಮೇಲೆಯೇ ಹಣೆಯನ್ನು ಗೋಡೆಗೆ ಆನಿಸಿ ನಿಂತುಬಿಟ್ಟ. ಬಿಸಿಲಿಗೆ ಗೋಡೆ ಕಾದಿತ್ತು. ಅದು ಸುಡುತ್ತಿದೆ ಎಂದು ಗೊತ್ತಾಗುವುದಕ್ಕೂ ಹೊತ್ತು ಹಿಡಿಯಿತು. ಜೆರೆ ನಿಜವನ್ನೇ ಹೇಳಿದ್ದ. ಊರಿನ ಮುಂದೆ, ಎದೆ ತಟ್ಟಿಕೊಂಡು ಹೇಳಿದ್ದ.

ನೇರವಾಗಿ ಬಾಮಾಯೊ ಚಿಬೆಸಳ ಕಚೇರಿಗೆ ಹೋದ. ಸಂಘದ ನಾಲ್ಕಾರು ವ್ಯಾಪಾರಿಗಳೂ ಅಲ್ಲಿದ್ದರು.

"ಆ ಚಿತ್ರ ನಂಬಬೇಡಿ. ಕೇಬಲ್ಲು ಸರಿಯಿಲ್ಲ. ಒಳಗೆ ಕಬ್ಬಿಣ ಇದೆ. ಅದರಲ್ಲಿ ಯಾರ ಮುಖವೂ ತಿಳಿಯಲ್ಲ."

"ಯಾರ ಕೇಬಲ್ಲು?" ಎಂದಳು ಬಾಮಾಯೊ.

"ಜೆರೆ ಅಂಗಡಿದು."

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಒಬ್ಬ ವ್ಯಾಪಾರಿ ತೊಡೆ ತಟ್ಟಿಕೊಂಡ. "ಓ, ಶುರುವಾಯ್ತು! ಎನ್ಗೋನಿಯವನು ಕಬ್ಬಿಣ ಮಾರಿದ್ನಂತೆ. ನಾಳೆ ಅವನು ಬಂದು, ಈ ಬೆಂಬಾದವನು ಕೇಬಲ್ಲನ್ನ ಬೇಯಿಸಿ ತಿಂದ ಅಂತಾನೆ."

"ನಾನು ನಿಜ ಹೇಳ್ತಿದ್ದೀನಿ."

"ನೀವಿಬ್ರೂ ಯಾವಾಗ ಸುಳ್ಳು ಹೇಳಿದ್ರಿ?" ಎಂದ ಇನ್ನೊಬ್ಬ. ಮತ್ತೆ ನಗು. ಬಾಮಾಯೊ ಕೂಡ ನಗು ತಡೆದುಕೊಂಡು, "ಬಾ ಲೊಂಬೆ, ಮನೆಗೆ ಹೋಗಿ, ನೀವು ದಣಿದಿದ್ದೀರಿ" ಎಂದಳು. ದಣಿದಿದ್ದು ನಿಜ. ಅಂಗಳದ ಗೇಟಿನ ಬಳಿ ಬೆವರು ಒರೆಸಿಕೊಳ್ಳುತ್ತ ನಿಂತವನಿಗೆ ಅರ್ಥವಾಯಿತು. ಜೆರೆಯ ಬಗ್ಗೆ ತಾನು ಎಷ್ಟು ಗಟ್ಟಿಯಾಗಿ ನಿಜ ಹೇಳಿದರೂ ಈ ಊರಿಗೆ ಅದು ತಮಾಷೆಯೇ. ಜೆರೆಯೇ ಬರಬೇಕು.

ಅವತ್ತು ಮೆಟ್ಟಿಲು ಹತ್ತುವಾಗ ಅವನು ಬೈಯಲಿಲ್ಲ. ಜೆರೆ ತಲೆಯೆತ್ತಿ ಬಾಯಿ ತೆರೆದ, ತನ್ನ ಸರದಿಗೆ ಕಾದ.

"ಬಾ ಜೆರೆ, ನಿಮ್ಮ ಹತ್ರ ಸ್ವಲ್ಪ ಮಾತಾಡೋದಿತ್ತು."

ಜೆರೆಯ ಮುಖ ಕಪ್ಪಿಟ್ಟಿತು. ಕೈಯಲ್ಲಿದ್ದ ತಿರುಪುಳಿಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ಬಂದ.

"ಯಾರು ಹೋದ್ರೋ? ಮಕ್ಕಳಲ್ಲಿ ಯಾರಾದ್ರೂ...?"

"ಯಾರೂ ಹೋಗಿಲ್ಲ." ಲೊಂಬೆ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದ. ಗೇಟು, ಅಯಸ್ಕಾಂತ, ಠಾಣೆಯಲ್ಲಿರುವ ಕಸೋಲೊ, ಶುಕ್ರವಾರ. ಜೆರೆ ಕೇಳಿಸಿಕೊಂಡ. ಕೇಳುತ್ತ ಕೇಳುತ್ತ ಅವನ ದನಿಯೂ ಬದಲಾಯಿತು.

"ನಾನು ಹೇಳಿದ್ನಲ್ಲ, ಕಬ್ಬಿಣ ಅಂತ."

"ಹೇಳಿದ್ರಿ."

"ನನಗೆ ಡಿಷ್ ಗೊತ್ತು. ಡಿಷ್‌ಗೆ ಅದು ರಾಜ ಕೇಬಲ್ಲು. ಕ್ಯಾಮೆರಾ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿತ್ತು. ಜೇಬಲ್ಲಿ ಅಯಸ್ಕಾಂತ ಇಟ್ಕೊಂಡು ಓಡಾಡೋರು ನೀವು. ನೀವು ನೋಡ್ತೀರಿ ಅಂದ್ಕೊಂಡೆ."

"ನೋಡ್ಬೇಕಿತ್ತು. ನೀವು ಬೈದ್ರಿ ಅಂತ ನೋಡ್ಲಿಲ್ಲ."

ಹೊರಗೆ ಬಸ್ಸಿನ ಕಂಡಕ್ಟರು ಊರುಗಳ ಹೆಸರು ಕೂಗುತ್ತಿದ್ದ.

"ನನ್ನಿಂದ ಏನಾಗ್ಬೇಕು?" ಎಂದ ಜೆರೆ.

"ಉದ್ದ ಕೋಟು ಹಾಕ್ಕೊಂಡು, ಮೂಟೆ ಹೊತ್ತು ಆ ಗೇಟಿಂದ ಒಳಗೆ ನಡೀಬೇಕು. ನಾನು ಅವರಿಗೆ ಪರದೆ ತೋರಿಸ್ತೀನಿ."

"ಕಳ್ಳನ ವೇಷ." ಜೆರೆ ಇನ್ನೇನು ಒಂದು ಬೈಗುಳ ಹೇಳಿಬಿಡುತ್ತಾನೆ ಎನ್ನುವ ಹಾಗಿತ್ತು. ಹೇಳಲಿಲ್ಲ. "ಬರ್ತೀನಿ. ಆದ್ರೆ ಒಂದು. ನಾನು ಮೋಸ ಮಾಡ್ಲಿಲ್ಲ ಅಂತ ಅಲ್ಲಿ ಎಲ್ಲರ ಮುಂದೆ ನೀವು ಹೇಳ್ಬೇಕು. ಅಂಗಳದ ಅರ್ಧ ಜನ ನನ್ನ ಗಿರಾಕಿಗಳು."

"ಹೇಳ್ತೀನಿ. ಹೇಳದೆ ಇರ್ತೀನಾ?"

ಗುರುವಾರ, ಸಂಜೆಯ ಅದೇ ಹೊತ್ತಿಗೆ, ಬಾಮಾಯೊಳ ಕಚೇರಿಯಲ್ಲಿ ಎಲ್ಲರೂ ಸೇರಿದರು. ಇನ್ನೊಮ್ಮೆ ನೋಡಿ, ಆಮೇಲೆ ನಾನು ಬಾಯಿ ಮುಚ್ಚುತ್ತೇನೆ ಎಂದು ಲೊಂಬೆ ಗೋಗರೆದು ಸೇರಿಸಿದ್ದ. ಬನಾ ಮಪಾಲೊ ಬಾಗಿಲ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಪರದೆಯ ಮೇಲೆ ಹಿಂದಿನ ಗೇಟು ಖಾಲಿಯಾಗಿತ್ತು. ಆಮೇಲೆ ಅದರಲ್ಲಿ ಒಂದು ಆಕಾರ ಬಂತು. ಕೋಟು, ಟೋಪಿ, ಬೆನ್ನಿಗೆ ಮೂಟೆ, ಹಿಂದೆ ಕರಿ ಬಾಲ.

"ಯಾರು ಅದು, ಹೇಳಿ," ಎಂದ ಲೊಂಬೆ.

"ಕಸೋಲೊ! ಇವನನ್ನ ಯಾವಾಗ ಬಿಟ್ರು?"

"ಅವನೇ ಅವನೇ. ನಡಿಗೆ ನೋಡಿ, ಒಂದು ಹೆಗಲು ಇಳಿದಿದೆ."

"ಪೊಲೀಸ್ನೋರು ದುಡ್ಡು ತಿಂದು ಬಿಟ್ಟಿದ್ದಾರೆ," ಎಂದು ತೊಡೆ ತಟ್ಟಿದ್ದ ವ್ಯಾಪಾರಿ ಎದ್ದೇ ನಿಂತ. "ಮತ್ತೆ ಬಂದಿದ್ದಾನೆ ನೋಡಿ, ಧೈರ್ಯ!"

ಬನಾ ಮಪಾಲೊ ಕೂಡ ಎದ್ದು ಪರದೆಯ ಹತ್ತಿರ ಬಂದಳು. ತನ್ನ ಗಂಡನೇ ಇರಬಹುದೇನೋ ಎಂದು ಒಂದು ಗಳಿಗೆ ಅವಳಿಗೂ ಅನಿಸಿತ್ತು. ಅದು ಮುಖದಲ್ಲೇ ಕಾಣುತ್ತಿತ್ತು. ಆಗ ಬಾಗಿಲು ತಳ್ಳಿಕೊಂಡು ಜೆರೆ ಒಳಗೆ ಬಂದ. ಲೊಂಬೆಯ ಹಳೆಯ ಗಣಿಯ ಕೋಟು ತೊಟ್ಟಿದ್ದ. ಮೂಟೆಯನ್ನು ಕೆಳಗಿಟ್ಟು ಟೋಪಿ ತೆಗೆದ. ಜೆರೆ ಕಸೋಲೊಗಿಂತ ಒಂದು ಗೇಣು ಎತ್ತರ, ಮೈಯಲ್ಲಿ ಎರಡರಷ್ಟು, ಗಡ್ಡ ಬೇರೆ.

ಯಾರೂ ನಗಲಿಲ್ಲ. ಬಾಮಾಯೊ ಚಿಬೆಸ ಪರದೆಯನ್ನೂ ಜೆರೆಯನ್ನೂ ಎರಡೆರಡು ಸಲ ನೋಡಿದಳು. ಅವಳಿಗೆ ನಾಚಿಕೆಯಾಗಿತ್ತು, ನಾಚಿಕೆಯಾದಾಗ ಅವಳು ಗಟ್ಟಿಯಾಗಿ ಮಾತಾಡುತ್ತಿದ್ದಳು.

"ಫೋನ್ ಮಾಡಿ ಠಾಣೆಗೆ. ನಮ್ಮ ದೂರು ವಾಪಸು ಅನ್ನಿ. ಈಗಲೇ!" ಆಮೇಲೆ ಲೊಂಬೆಯ ಕಡೆ ತಿರುಗಿ, "ಹಾಗಾದ್ರೆ ನೀವು ಮೊನ್ನೆ ಹೇಳಿದ್ದು ನಿಜ. ಕೇಬಲ್ಲು ಕಬ್ಬಿಣದ್ದು."

"ನಿಜ."

"ಜೆರೆ ಅಂಗಡಿದು."

"ಹೌದು. ಇದು ತಮಾಷೆ ಅಲ್ಲ, ಬಾಮಾಯೊ. ಇವತ್ತು ನೆಂಟಸ್ತಿಕೆ ಬದಿಗಿಟ್ಟು ಹೇಳ್ತಿದ್ದೀನಿ."

"ತಾಮ್ರ ಅಂತ ಹೇಳಿ ಇವ್ರು ನಿಮಗೆ ಕಬ್ಬಿಣ ಮಾರಿದ್ರಾ? ಮೋಸ ಮಾಡಿದ್ರಾ?"

ಇಲ್ಲ ಎನ್ನಬೇಕಿತ್ತು. ಇಲ್ಲ, ಅವನು ಕಬ್ಬಿಣವೆಂದೇ ಹೇಳಿ ಕೊಟ್ಟ, ಪರೀಕ್ಷೆ ಮಾಡದೆ ತಂದವನು ನಾನು, ಚಿತ್ರ ಕೆಟ್ಟಿದ್ದು ಕಂಡೂ ಸುಮ್ಮನಿದ್ದವನು ನಾನು. ಮಾತು ಲೊಂಬೆಯ ಬಾಯಿಯ ತನಕ ಬಂದಿತ್ತು. ಅದರ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು. ಇದನ್ನು ಹೇಳಿದರೆ ಅಂಗಳದ ಕೆಲಸ ಹೋಗುತ್ತದೆ, ಅಂಗಳದ್ದು ಹೋದರೆ ಊರಿನದು ಹೋಗುತ್ತದೆ. ಈ ಮಂಡಿ ಹೊತ್ತುಕೊಂಡು ಹೊಸ ಊರಿನಲ್ಲಿ ಹೊಸ ಬಾಗಿಲುಗಳನ್ನು ತಟ್ಟಬೇಕು. ಅವನು ಒಂದು ಉಸಿರು ಎಳೆದುಕೊಂಡ. ಅಷ್ಟೇ, ಒಂದೇ ಉಸಿರು.

ಬಾಮಾಯೊ ಅಷ್ಟರಲ್ಲಿ ತನ್ನ ಉತ್ತರ ತಾನೇ ತೆಗೆದುಕೊಂಡಿದ್ದಳು. "ಅರ್ಥವಾಯ್ತು ಬಿಡಿ. ಪಾಪ, ನೆಂಟ ಅಂತ ಬಾಯಿಬಿಟ್ಟು ಹೇಳೋಕಾಗಲ್ಲ ನಿಮಗೆ." ವ್ಯಾಪಾರಿಗಳು ತಲೆಯಾಡಿಸಿದರು. ಯಾರೋ ಫೋನಿನಲ್ಲಿ ಠಾಣೆಯವರ ಜೊತೆ ಕೂಗಾಡತೊಡಗಿದ. ಬನಾ ಮಪಾಲೊ ಅಳುತ್ತ ಎಲ್ಲರ ಕೈ ಹಿಡಿದುಕೊಳ್ಳುತ್ತಿದ್ದಳು. ಆ ಗದ್ದಲದ ನಡುವೆ ಲೊಂಬೆ, "ಹಾಗಲ್ಲ..." ಎಂದ. ಯಾರಿಗೂ ಕೇಳಿಸಲಿಲ್ಲ. ಎರಡನೆಯ ಸಲ ಹೇಳಬಹುದಿತ್ತು. ಹೇಳಲಿಲ್ಲ.

ಜೆರೆ ಗಣಿಯ ಕೋಟನ್ನು ಬಿಚ್ಚಿದ. ತೋಳುಗಳನ್ನು ಸರಿಮಾಡಿ ಮಡಿಸಿ, ಮೇಜಿನ ಮೇಲಿಟ್ಟ. "ನಾನು ಅವತ್ತೇ ಹೇಳಿದ್ದೆ, ಕಬ್ಬಿಣ ಅಂತ" ಎಂದ, ಯಾರನ್ನೂ ನೋಡದೆ. ಆಗ ಕೋಣೆಯವರೆಲ್ಲ ನಕ್ಕರು, ಇಷ್ಟು ಹೊತ್ತು ತಡೆದಿದ್ದ ನಗುವನ್ನೆಲ್ಲ ಸೇರಿಸಿ ನಕ್ಕರು. ಎನ್ಗೋನಿಯವರ ಬಾಯಿಗೆ ಸಮವಿಲ್ಲ ಎಂದರು. ಜೆರೆ ನಗುವ ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದ.

ಕಸೋಲೊ ಮರುದಿನ ಮನೆಗೆ ಬಂದ. ಒಂದು ವಾರದಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು. ಕಾವಲಿನ ಕೆಲಸ ಮತ್ತೆ ಕೊಟ್ಟರು. ಸಂಘದವರು ಕ್ಷಮೆ ಎನ್ನುವ ಮಾತನ್ನು ಬಿಟ್ಟು ಉಳಿದ ಎಲ್ಲ ಮಾತುಗಳನ್ನೂ ಅವನಿಗೆ ಹೇಳಿದರು. ಹೆಂಡತಿ ಒಂದು ಕೋಳಿಯನ್ನು ಹಿಡಿದುಕೊಂಡು ಲೊಂಬೆಯ ಮನೆಗೆ ಬಂದಳು. ಕಸೋಲೊ ಜೊತೆಗೆ ಬಂದವನು ಒಳಗೆ ಬರದೆ ಮಾವಿನ ಮರದ ಕೆಳಗೇ ನಿಂತ. "ಚಿತ್ರ ಸರಿಯಿಲ್ಲ ಅನ್ನೋದು ನಿಮಗೆ ಮೊದಲೇ ಕಂಡಿತ್ತಲ್ವಾ?" ಎಂದು ಅಲ್ಲಿಂದಲೇ ಕೇಳಿದ. ಲೊಂಬೆ ಹೌದು ಎಂದ. ಕಸೋಲೊ ಹೆಂಡತಿಯನ್ನು ಕಾಯದೆ ಮನೆಯ ಕಡೆ ನಡೆದ. ಆ ಕೋಳಿಯನ್ನು ಕೊಯ್ಯಲು ಲೊಂಬೆಗೆ ಮನಸ್ಸು ಬರಲಿಲ್ಲ.

ಎನ್ಡೋಲಾದಿಂದ ತಾಮ್ರದ ಕೇಬಲ್ಲು ತಂದು, ಕಬ್ಬಿಣದ ಪೈಪಿನೊಳಗೆ ಎಳೆದು, ಹಿಂದಿನ ಗೇಟಿಗೆ ಮತ್ತೆ ಹಾಕಿದ. ಹಾಕುತ್ತಿದ್ದ ಹಾಗೆ ಪರದೆಯ ಮೇಲೆ ಗೇಟಿನ ಚಿಲಕದ ತುಕ್ಕು ಕೂಡ ಕಂಡಿತು. ಬಾಮಾಯೊ ಬಹಳ ಹೊಗಳಿದಳು. ಇನ್ನು ಮೇಲೆ ಅಂಗಳದವರು ಯಾರೂ ಡಿಷ್ ಅಂಗಡಿಯ ಕಡೆ ತಲೆ ಹಾಕುವುದಿಲ್ಲ, ನೀವು ನೆಮ್ಮದಿಯಾಗಿರಿ ಎಂದಳು. ಲೊಂಬೆ ಏಣಿ ಮಡಿಸಿದ.

ಆ ಏಣಿಯನ್ನು ಮನೆಗೆ ಒಯ್ಯದೆ ನೇರವಾಗಿ ಬಸ್ ನಿಲ್ದಾಣದ ಹಿಂದಕ್ಕೆ ಹೋದ. ದಾರಿಯುದ್ದಕ್ಕೂ ಬೈಗುಳಗಳನ್ನು ಕೂಡಿಸಿಕೊಳ್ಳುತ್ತಿದ್ದ. ಇಷ್ಟು ದಿನ ಬೈಯದೆ ಉಳಿದಿದ್ದಕ್ಕೆಲ್ಲ ಸೇರಿಸಿ ಒಂದು ಭಾರೀ ಬೈಗುಳ ಹಾಕಬೇಕು. ಜೆರೆ ಅದಕ್ಕಿಂತ ದೊಡ್ಡದೊಂದು ಹಾಕುತ್ತಾನೆ. ಆಮೇಲೆ ನಗು ಬರುತ್ತದೆ. ನಗು ಬಂದ ಮೇಲೆ, ಹೇಳಬೇಕಿದ್ದ ಆ ಮಾತನ್ನು ಹೇಳಿಬಿಡಬಹುದು. ನಾಳೆಯೇ ಬಾಮಾಯೊಳ ಹತ್ತಿರ ಹೋಗೋಣ ನಡಿ ಎನ್ನಬಹುದು.

ಅಂಗಡಿಯಲ್ಲಿ ಗಿರಾಕಿಗಳು ಇರಲಿಲ್ಲ. ಜೆರೆ ಒಂದು ರಿಮೋಟನ್ನು ಬಿಚ್ಚಿ ಕೂತಿದ್ದ.

"ಲೇ ಇಲಿತಿನ್ನಿ!" ಎಂದು ಲೊಂಬೆ ಮೆಟ್ಟಿಲ ಮೇಲಿಂದಲೇ ಕೂಗಿದ. "ಇನ್ನೂ ಸತ್ತಿಲ್ವೇನೋ? ನಿನ್ನ ಗುಂಡಿಗೆ ಹಾರೋಣ ಅಂತ ಬಂದ್ರೆ ನೀನಿಲ್ಲಿ ಕೂತಿದ್ದೀಯಲ್ಲ!"

ಜೆರೆ ರಿಮೋಟನ್ನು ಕೆಳಗಿಟ್ಟ. ಎದ್ದು ನಿಂತ. ಹಿರಿಯರು ಬಂದಾಗ ಮಾಡುವ ಹಾಗೆ ಸ್ವಲ್ಪ ಬಾಗಿ, ಎರಡು ಅಂಗೈಗಳನ್ನು ಬೋಗುಣಿಯ ಹಾಗೆ ಕೂಡಿಸಿ ಮೆಲ್ಲಗೆ ತಟ್ಟಿದ.

"ಬನ್ನಿ ಬಾ ಲೊಂಬೆ. ಚೆನ್ನಾಗಿದ್ದೀರಾ? ಮನೇಲಿ ಎಲ್ಲ ಕ್ಷೇಮವಾ?"

"ಏನೋ ಇದು? ತಲೆ ಕೆಟ್ಟಿದೆಯಾ ನಿನಗೆ?"

"ಬಿಸಿಲಲ್ಲಿ ಬಂದಿದ್ದೀರಿ. ಕೂತ್ಕೊಳ್ಳಿ." ಜೆರೆ ಸ್ಟೂಲನ್ನು ಎಳೆದು, ಅದರ ಮೇಲಿನ ಧೂಳನ್ನು ತನ್ನ ತೋಳಿನಿಂದ ಒರೆಸಿದ. "ಮಂಡಿನೋವು ಈಗ ಹೇಗಿದೆ ನಿಮಗೆ?"

ಲೊಂಬೆ ಕೂತ. ಒಂದು ಬೈಗುಳಕ್ಕಾಗಿ ಅವನ ಮುಖವನ್ನೇ ನೋಡುತ್ತ ಕಾದ. ಜೆರೆ ಒಳಗೆ ಹೋಗಿ ಲೋಟದ ತುಂಬ ತಣ್ಣನೆಯ ಮುಂಕೋಯೊ ಪಾನಕ ತಂದು, ಅದರ ಅಂಚನ್ನು ಬಟ್ಟೆಯಿಂದ ಒರೆಸಿ, ಎರಡೂ ಕೈಯಲ್ಲಿ ಅವನಿಗೆ ಕೊಟ್ಟ.